ಬಲಕ್ಕೆ ಎರಡು ಬೆರಳು

ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಬಲ್ಲವರೆಲ್ಲ ಹೇಳುತ್ತಾರೆ. ಹೇಳಲಿ. ಬರಬೇಕಾದಾಗ ಬಾರದ ಸಿಟ್ಟನ್ನು ಇಟ್ಟುಕೊಂಡು ಉಪ್ಪಿನಕಾಯಿ ಹಾಕಲೇ?

ಆ ಶನಿವಾರ ಬೆಳಿಗ್ಗೆ ದೇವದುರ್ಗದ ನಮ್ಮ ಪಿಯು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೂತು ಭೌತಶಾಸ್ತ್ರದ ಕಿರುಪರೀಕ್ಷೆಯ ಪೇಪರು ತಿದ್ದುತ್ತಿದ್ದೆ. ಕೆಮಿಸ್ಟ್ರಿ ಕಲಿಸುವ ನಾಹಿದ್ ಬಂದು ಎದುರಿನ ಕುರ್ಚಿಯಲ್ಲಿ ಕೂತಳು, ಎದ್ದಳು, ಮತ್ತೆ ಕೂತಳು.

"ಶಶಿಕಲಾ, ನೀ ಮದ್ಲ ನೀರು ಕುಡಿ," ಅಂದಳು.

"ಯಾಕ?"

"ಕುಡಿ ಅಂದ್ರ ಕುಡಿ. ಆಮ್ಯಾಲೆ ತೋರಸ್ತೀನಿ."

ನಾನು ನೀರು ಕುಡಿಯಲಿಲ್ಲ, ಅವಳ ಕೈಯಲ್ಲಿದ್ದ ಫೋನು ಕಸಿದುಕೊಂಡೆ. ರಾಯಚೂರಿನಲ್ಲಿ ಹಳೇ ಗಾಡಿಗಳ ಹುಚ್ಚು ಹಿಡಿದವರದೊಂದು ವಾಟ್ಸಾಪ್ ಬಳಗವಿದೆ. ನಾಹಿದಳ ಅಣ್ಣ ಅದರಲ್ಲಿದ್ದಾನೆ. ಅಲ್ಲಿ ಬಂದಿದ್ದನ್ನು ಅವನು ತಂಗಿಗೆ ಕಳಿಸಿದ್ದ. ಒಂದು ಮನೆಯ ಪೋರ್ಚಿನಲ್ಲಿ ನಿಂತ ಕೆಂಪು ಗಾಡಿಯ ಫೋಟೋ. ಬಲಗಡೆ ತಗ್ಗು, ಎಡಗಡೆ ಎತ್ತರ. ಕೆಳಗೆ ಹೀಗೆ ಬರೆದಿತ್ತು: "ಎರಡು ತಿಂಗಳಲ್ಲಿ ಎರಡು ಸಲ ರಿಪೇರಿ ಆದ ಮೇಲಿನ ಸ್ಥಿತಿ. ಮಾಡಿದವನು ಮಾನ್ವಿ ರೋಡಿನ ಕಮಾನ್ ಸೂಗಪ್ಪ. ವಯಸ್ಸಾದ ಮೇಲೆ ಕೆಲಸ ಬಿಡುವುದೇ ಗೌರವ." ಅದಕ್ಕೆ ನಲವತ್ತು ಜನ ಹೆಬ್ಬೆರಳು ಎತ್ತಿದ್ದರು. ಒಬ್ಬ ಹಲ್ಲು ಕಿಸಿಯುವ ಗೊಂಬೆ ಹಾಕಿದ್ದ.

ಸೂಗಪ್ಪ ನನ್ನ ಅಪ್ಪ.

ಹದಿನಾರನೇ ವಯಸ್ಸಿಗೆ ಮಾನ್ವಿ ತಾಲೂಕಿನ ಹಿರೇಕೊಟ್ನೆಕಲ್ಲಿನಿಂದ ರಾಯಚೂರಿಗೆ ಬಂದು, ಲಾರಿ ಅಡ್ಡೆಯಲ್ಲಿ ಏಟು ತಿಂದು ಕೆಲಸ ಕಲಿತು, ಮಾನ್ವಿ ರಸ್ತೆಯಲ್ಲಿ ತನ್ನದೇ ಅಂಗಡಿ ಹಾಕಿದವನು. ಲಾರಿಯ ಕೆಳಗೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಬಾಗಿದ ಪಟ್ಟಿಗಳಿರುತ್ತವಲ್ಲ, ಭಾರವೆಲ್ಲ ಹೊರುವಂಥವು, ಅವಕ್ಕೆ ನಮ್ಮಲ್ಲಿ ಕಮಾನು ಅನ್ನುತ್ತಾರೆ. ಅವು ದಣಿದು ಕುಸಿದಾಗ ಕಾಯಿಸಿ, ಬಡಿದು, ಮತ್ತೆ ಬಾಗಿಸಿ ಕೊಡುವುದು ಅಪ್ಪನ ಕೆಲಸ. ಆ ಕಮಾನಿನ ಕೂಲಿಯಲ್ಲೇ ನಾನು ಎಂಎಸ್ಸಿ ಓದಿದೆ.

ಆ ಕೆಂಪು ಗಾಡಿ ವಕೀಲ ವಾದಿರಾಜರದು, ಆ ಬರಹವೂ ಅವರದೇ. ಇಂಗ್ಲೆಂಡಿನಲ್ಲಿ ಅರವತ್ತು ವರ್ಷದ ಹಿಂದೆ ತಯಾರಾದದ್ದು. ಎರಡೇ ಸೀಟು, ಮೇಲೆ ಟಾಪು ಇಲ್ಲ, ನೆಲಕ್ಕೆ ಅಂಟಿಕೊಂಡಂತೆ ಓಡುತ್ತದೆ. ಅವರ ತಂದೆ ಹೈದರಾಬಾದಿನಿಂದ ತಂದದ್ದು. ಅದರ ಹಿಂದಿನ ಚಕ್ರಗಳಿಗೂ ಲಾರಿಯಂಥದೇ, ಆದರೆ ಸಣ್ಣ ಕಮಾನು. ಮೂವತ್ತು ವರ್ಷದಿಂದ ಅದರ ಕಮಾನನ್ನು ಅಪ್ಪನ ಹೊರತು ಬೇರೆ ಯಾರೂ ಮುಟ್ಟಿರಲಿಲ್ಲ. ವಾದಿರಾಜರು ಅಪ್ಪನಿಗಿಂತ ಐದು ವರ್ಷ ಚಿಕ್ಕವರು. ಅಪ್ಪ ಅವರಿಗೆ "ಸಾಹೇಬ್ರ" ಅನ್ನುತ್ತಾನೆ, ಅವರು ಅಪ್ಪನಿಗೆ "ಲೇ ಸೂಗಾ" ಅನ್ನುತ್ತಾರೆ. ಚಿಕ್ಕಂದಿನಲ್ಲಿ ಇದು ನನಗೆ ಕೇಳಿಸುತ್ತಿರಲಿಲ್ಲ. ಈಗ ಕಿವಿಯಲ್ಲಿ ಕಡ್ಡಿ ಆಡಿಸಿದಂತಾಗುತ್ತದೆ.

ಹನ್ನೆರಡಕ್ಕೆ ಕಾಲೇಜು ಬಿಟ್ಟ ಕೂಡಲೇ ಬಸ್ಸು ಹತ್ತಿದೆ. ಕಲ್ಮಲ ದಾಟುವವರೆಗೂ ಆ ವಕೀಲರಿಗೆ ಏನೇನು ಅನ್ನಬೇಕು ಎಂದು ಮನಸ್ಸಿನಲ್ಲೇ ಜೋಡಿಸುತ್ತಾ ಕೂತಿದ್ದೆ. ಪಕ್ಕದಲ್ಲಿದ್ದ ಹೆಣ್ಣುಮಗಳು ನನ್ನ ಮುಖ ನೋಡಿ ತನ್ನ ಬುಟ್ಟಿ ಎತ್ತಿಕೊಂಡು ಆ ಕಡೆ ಸರಿದಳು. ನನ್ನ ಪಾಲಿಗೆ ಅದು ಬರೀ ಜಗಳದ ದಿನ. ಹೋಗುವುದು, ಆ ಬರಹ ಅಳಿಸುವಂತೆ ಮಾಡುವುದು, ಬರುವುದು. ಅಪ್ಪನ ಬಗ್ಗೆ ನನಗೆ ಚಿಂತೆಯೇ ಇರಲಿಲ್ಲ, ಯಾಕೆಂದರೆ ತನ್ನ ಕೆಲಸದ ಬಗ್ಗೆ ಅನುಮಾನಪಟ್ಟ ಅಪ್ಪನನ್ನು ನಾನು ಕಂಡೇ ಇರಲಿಲ್ಲ.

ಅಂಗಡಿಗೆ ಬಂದರೆ ಕುಲುಮೆ ತಣ್ಣಗಿತ್ತು. ಶನಿವಾರ ಮಧ್ಯಾಹ್ನ, ಮೂರು ಲಾರಿ ಸಾಲುಗಟ್ಟಿ ನಿಲ್ಲಬೇಕಾದ ಹೊತ್ತಿನಲ್ಲಿ, ಅಪ್ಪ ಬಾಬಾಸಾಹೇಬರ ಫೋಟೋದ ಕೆಳಗೆ ಕಬ್ಬಿಣದ ಪೆಟ್ಟಿಗೆಯ ಮೇಲೆ ಕೈಕಟ್ಟಿ ಕೂತಿದ್ದ. ಅಂಗಿ ಸ್ವಚ್ಛವಾಗಿತ್ತು. ಅದನ್ನು ನೋಡಿ ನನಗೆ ಹೆದರಿಕೆಯಾಯಿತು.

"ಊಟ ಮಾಡಿಯೇನವ್ವಾ?" ಅಂದ.

"ಫೋಟೋ ನೋಡೀಯೇನಪ್ಪಾ?"

"ಮುಂಜಾನೆ ಕನಕರಾಯ ಬಂದು ತೋರಿಸಿದ."

ಕನಕರಾಯ ಮಾನ್ವಿಯವನು. ನಾಲ್ಕು ಲಾರಿ ಇಟ್ಟವನು. ಒಂದು ಲಾರಿಯಿದ್ದ ಕಾಲದಿಂದ ಅಪ್ಪನ ಹತ್ತಿರವೇ ಬರುತ್ತಿದ್ದವನು. ಅವನೂ "ಯಜಮಾನ್ರ, ಇನ್ನ ಸಾಕು ಮಾಡ್ರಿ" ಎಂದು ಹೇಳಿ, ತಂದಿದ್ದ ಲಾರಿಯನ್ನು ತಿರುಗಿಸಿಕೊಂಡು ಹೋಗಿದ್ದನಂತೆ.

"ಅವ ಹೇಳಿದ್ದು ಖರೇ ಅದ," ಅಂದ ಅಪ್ಪ. "ಈ ಅಮಾಸಿಗೆ ಪೂಜಿ ಮಾಡಿ ಬಾಗಲಾ ಹಾಕಿಬಿಡ್ತೀನಿ."

ಅಮಾವಾಸ್ಯೆ ಮಂಗಳವಾರವಿತ್ತು. ನಾನು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಬೇರೆಯವರಿಗೆಂದು ಜೋಡಿಸಿದ್ದು. ಅಪ್ಪನ ಎದುರು ನೆಲದ ಮೇಲೆ ಕೂತೆ.

"ಏನಾತು ಹೇಳು. ಮದ್ಲಿಂದ ಹೇಳು."

ಅಪ್ಪ ಹೇಳಿದ. ಮೊದಲ ಸಲ ಗಾಡಿ ಬಂದಾಗ ಎರಡೂ ಕಡೆಯ ಕಮಾನು ಬಿಚ್ಚಿ ಪಟ್ಟಿಗಳನ್ನು ಕಾಯಿಸಿ ಬಡಿದು ಏರಿಸಿದ್ದ. ಆಮೇಲೆ ನೀರಿನ ಪೈಪು ಹಿಡಿದು ನೋಡಿದ್ದ. ಮೇಸ್ತ್ರಿಗಳು ಗೋಡೆಯ ಮಟ್ಟ ನೋಡುವ ಪೈಪೇ ಅದು. ಒಳಗೆ ನೀರಿರುವ, ಆಚೆಯಿಂದ ಈಚೆ ಕಾಣುವ ಉದ್ದನೆಯ ಪೈಪು. ಒಂದು ತುದಿ ಗಾಡಿಯ ಎಡಕ್ಕೆ, ಇನ್ನೊಂದು ಬಲಕ್ಕೆ. ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ, ಗಾಡಿ ವಾಲಿದ್ದರೆ ತಕ್ಷಣ ಗೊತ್ತಾಗುತ್ತದೆ. ಲಾರಿಯಾಗಲಿ, ಟ್ರ್ಯಾಕ್ಟರಾಗಲಿ, ಆ ಪೈಪು ಹಿಡಿಯದೆ ಅಪ್ಪ ಗಾಡಿಯನ್ನು ಅಂಗಡಿಯಿಂದ ಹೊರಗೆ ಬಿಡುವುದಿಲ್ಲ.

"ಸಮಾ ಇತ್ತು. ಕೂದಲೆಳಿ ಫರಕ ಇದ್ದಿಲ್ಲ. ಹದಿನೈದು ದಿನಕ್ಕ ತಿರುಗಿ ತಂದ್ರು. 'ಮನ್ಯಾಗ ನಿಲ್ಲಿಸಿದ್ರ ಬಲಕ್ಕ ಎರಡು ಬೆರಳು ವಾಲ್ತದ' ಅಂದ್ರು. ಮತ್ತ ಪೈಪು ಹಿಡದೆ. ಸಮಾ."

"ಆಮ್ಯಾಲೆ?"

ಅಪ್ಪ ರಸ್ತೆಯ ಕಡೆ ನೋಡಿದ.

"ಬಲಗಡೆ ಒಂದು ಪಟ್ಟಿ ಹೆಚ್ಚಿಗಿ ಹಾಕಿದೆ."

"ಸಮಾ ಇದ್ದದ್ದಕ್ಕ?"

"ಅವ್ರು ಓದಿದವ್ರು. ಕಣ್ಣಾರೆ ನೋಡೀನಿ ಅಂತಾರ. ನನ್ನ ಕಣ್ಣ ಮೋಸ ಮಾಡಾಕತ್ತಾವೇನೋ ಅಂದ್ಕೊಂಡೆ. ಪಟ್ಟಿ ಹಾಕಿದ ಮ್ಯಾಲೆ ಇಲ್ಲಿ ಗಾಡಿ ಎಡಕ್ಕ ಒಂದು ಬೆರಳು ವಾಲ್ತು. ಒಯ್ದು ಮನ್ಯಾಗ ನಿಲ್ಲಿಸಿದ್ರ ಇನ್ನೂ ಬಲಕ್ಕ ವಾಲ್ಯದ ಅಂತಾರ, ಫೋಟೋ ಬ್ಯಾರೆ ಹಾಕ್ಯಾರ. ಪೈಪು ಒಂದು ಹೇಳ್ತದ, ಫೋಟೋ ಒಂದು ಹೇಳ್ತದ. ಅಂದ್ರ ನಂದೇ ಎಲ್ಲೋ ಕೆಟ್ಟದ. ಲಾರ್ಯಾಗ ಮಂದಿ ಜೀವ ಇರ್ತಾವ ಯವ್ವಾ. ಕಣ್ಣು ಕೆಟ್ಟಾಂವ ಕಮಾನು ಕಟ್ಟಬಾರ್ದು."

ನನಗೆ ಅಳು ಬಂತು, ಅದಕ್ಕೂ ಮೊದಲು ಸಿಟ್ಟು ಬಂತು. ವಕೀಲರು ಅಪ್ಪನನ್ನು ಬೈದಿದ್ದನ್ನು ನಾನು ಸಹಿಸಿಕೊಳ್ಳಬಹುದಿತ್ತೇನೋ. ಅವರು ಬೈದಿದ್ದನ್ನು ಅಪ್ಪ ನಂಬಿಬಿಟ್ಟಿದ್ದನಲ್ಲ, ಅದನ್ನು ಹೇಗೆ ಸಹಿಸುವುದು? ಐವತ್ತೈದು ವರ್ಷ ಕಬ್ಬಿಣ ಬಡಿದ ಮನುಷ್ಯ, ಕೈಯಲ್ಲಿ ಪೈಪು ಹಿಡಿದುಕೊಂಡು, ಅದರೊಳಗಿನ ನೀರು ಸಮ ಎಂದು ಹೇಳುತ್ತಿದ್ದರೂ, ಕೋಟು ಹಾಕಿದವನೊಬ್ಬ ಅಲ್ಲ ಎಂದ ಕೂಡಲೇ ತನ್ನ ಕಣ್ಣೇ ಕೆಟ್ಟಿದೆ ಎಂದುಕೊಳ್ಳುತ್ತಾನೆ. ಈ ಬುದ್ಧಿಯನ್ನು ಅವನಿಗೆ ಯಾರು ಕಲಿಸಿದರು, ಎಷ್ಟು ತಲೆಮಾರಿನಿಂದ ಕಲಿಸಿದರು? ನಾನು ಮಕ್ಕಳಿಗೆ ಒಂದೇ ಪಾಠವನ್ನು ಗಂಟಲು ಹರಿಯುವಂತೆ ಹೇಳುತ್ತೇನೆ, ಅಳತೆ ಮಾಡಿದ್ದನ್ನು ನಂಬಿ, ಹೇಳಿದವರ ಮುಖ ನೋಡಬೇಡಿ ಎಂದು. ನಮ್ಮ ಮನೆಯಲ್ಲೇ ಆ ಪಾಠ ಮುಟ್ಟಿರಲಿಲ್ಲ.

ಫೋನು ತೆಗೆದು ಫೋಟೋವನ್ನು ದೊಡ್ಡದು ಮಾಡಿದೆ. ಬಿಳಿ ಕಂಬಗಳು ನೆಟ್ಟಗಿದ್ದವು, ಅವುಗಳ ನಡುವೆ ಗಾಡಿ ವಾಲಿತ್ತು. ನೋಡಿದವರು ನಂಬಲೇಬೇಕು, ಹಾಗಿತ್ತು. ಕೆಳಗೆ ಶಹಾಬಾದ್ ಫರಸಿಯ ನೆಲ. ಆಗಷ್ಟೇ ತೊಳೆದಿದ್ದರು. ಎಡ ಚಕ್ರದ ಹತ್ತಿರ ಫರಸಿ ಒಣಗಿ ಬೆಳ್ಳಗಾಗಿತ್ತು. ಬಲ ಚಕ್ರದ ಹತ್ತಿರ ನೀರು ಇನ್ನೂ ಕಪ್ಪಗೆ ನಿಂತಿತ್ತು, ಅದರಾಚೆ ಗೋಡೆಯ ಬುಡದಲ್ಲಿ ಮೋರಿಯ ತೂತು ಕಾಣುತ್ತಿತ್ತು.

ನಾನು ಎದ್ದು ನಿಂತೆ.

"ಯಪ್ಪಾ, ಅವರ ಪೋರ್ಚು ನೋಡೀಯೇನು ನೀ?"

"ಗೇಟಿನ ತನಕ ಹೋಗೀನಿ."

"ಒಳಗ?"

"ಒಳಗ್ಯಾಕ? ಗಾಡಿ ಅವ್ರ ತರ್ತಾರ, ಅವ್ರ ಒಯ್ತಾರ. ಏನರ ಮಾತಿದ್ರ ಗೇಟಿನ ಹತ್ರ ಬೇವಿನ ಗಿಡದ ಕೆಳಗ ನಿಂತು ಮಾತಾಡ್ತೀವಿ."

ಮೂವತ್ತು ವರ್ಷ. ಮಳೆಯಲ್ಲೂ ಬೇವಿನ ಗಿಡದ ಕೆಳಗೆ. ಕಾರಣ ಅವರಿಗೂ ಗೊತ್ತು, ನಮಗೂ ಗೊತ್ತು, ಇಬ್ಬರೂ ಬಾಯಿ ಬಿಟ್ಟು ಹೇಳಿದ್ದಿಲ್ಲ. ಆ ಗೇಟು ಒಮ್ಮೆ ತೆರೆದಿದ್ದರೆ ಅಪ್ಪನ ಕಣ್ಣಿಗೆ ಆ ನೆಲ ಒಂದು ನಿಮಿಷದಲ್ಲಿ ಬೀಳುತ್ತಿತ್ತು.

"ಪೈಪು ತಗೋ," ಅಂದೆ.

"ಅವರ ಮನಿಗಾ? ಬ್ಯಾಡವ್ವಾ. ನಾಳಿ ಅವ್ರು ಗಾಡಿ ತಗೊಂಡು ಆ ಬಳಗದವ್ರ ಕೂಡ ಹೊಳಿದಂಡಿ ಗೂಗಲ್ ಊರಿಗೆ ಹೊಂಟಾರ. ಇವತ್ತ ಹೋಗಿ ರಗಳಿ ಮಾಡೋದು ಚಂದ ಅಲ್ಲ."

"ನೀ ಬರದಿದ್ರ ನಾ ಒಬ್ಬಾಕೀನ ಹೋಗ್ತೀನಿ. ಬಾಯಿ ನಂದು ಹ್ಯಾಂಗದ ಗೊತ್ತದಲ್ಲ."

ಅದು ಕೆಲಸ ಮಾಡಿತು. ಅಪ್ಪ ಪೈಪು ಸುತ್ತಿ ಹೆಗಲಿಗೆ ಹಾಕಿಕೊಂಡ. ನಟ್ಟು ಬಿಗಿಯುವ ಪಾನಾಗಳ ಚೀಲ ಬಿಟ್ಟು ಅವನು ಎಲ್ಲಿಗೂ ಹೋಗುವವನಲ್ಲ, ಅದನ್ನು ನಾನು ಎತ್ತಿಕೊಂಡೆ. ಆಟೋ ಹಿಡಿದು ಕೋಟೆ ಗೋಡೆಯ ಹಿಂದಿನ ವಕೀಲರ ಓಣಿಗೆ ಬಂದೆವು.

ವಾದಿರಾಜರು ಪೋರ್ಚಿನಲ್ಲಿ ಪಂಚೆ ಎತ್ತಿ ಕಟ್ಟಿಕೊಂಡು ಗಾಡಿಯನ್ನು ಮೆತ್ತನೆಯ ಬಟ್ಟೆಯಿಂದ ಒರೆಸುತ್ತಿದ್ದರು. ಗೇಟಿನ ಸದ್ದಿಗೆ ತಿರುಗಿದರು.

"ಏನ್ಲೇ ಸೂಗಾ, ಮಗಳನ್ನ ಕರ್ಕೊಂಡು ಬಂದೀದಿ? ಕೇಸ್ ಹಾಕ್ಲಿಕ್ಕೆ ಹೊಂಟೀಯೇನು?" ಎಂದು ನಕ್ಕರು.

"ನನ್ನ ತಂದಿ ಹೆಸರು ಸೂಗಪ್ಪ," ಅಂದೆ. "ನಿಮಗಿಂತ ಐದು ವರ್ಷ ದೊಡ್ಡವ್ರು."

ನಗು ನಿಂತಿತು. ಅವರು ಬಟ್ಟೆ ಮಡಚಿ ಬಾನೆಟ್ಟಿನ ಮೇಲಿಟ್ಟರು.

"ಮೇಡಂ, ನಾ ಸುಳ್ಳು ಬರದೀನೇನು? ಗಾಡಿ ನಿಮ್ಮ ಎದುರಿಗೇ ಅದ. ಸಣ್ಣ ಹುಡುಗರೂ ಹೇಳ್ತಾರ ವಾಲ್ಯದ ಅಂತ."

"ಅಳತಿ ಮಾಡಿ ನೋಡ್ತೀವ್ರಿ."

"ಅಲ್ಲಿಂದನ ಕಾಣ್ತದಲ್ಲ. ಈಗಷ್ಟೇ ತೊಳದದ ಇಲ್ಲೆ."

"ಬಾರವ್ವಾ, ನಡಿ," ಎಂದು ಅಪ್ಪ ನನ್ನ ಸೆರಗು ಹಿಡಿದು ಎಳೆದ. ನಾನು ಕೊಸರಿಕೊಂಡು ಗೇಟಿನ ಚಿಲಕ ತೆಗೆದು ಒಳಗೆ ನಡೆದೆ. ಚಪ್ಪಲಿ ಮಾತ್ರ ಹೊರಗೇ ಬಿಟ್ಟಿದ್ದೆ. ಕಾಲು ತಾನಾಗಿಯೇ ಬಿಟ್ಟಿತ್ತು. ಅದಕ್ಕೆ ಈಗಲೂ ನನ್ನ ಮೇಲೆ ನನಗೆ ಸಿಟ್ಟಿದೆ.

ವಾದಿರಾಜರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅವರ ಹೆಂಡತಿ ಸತ್ಯಭಾಮಾಬಾಯಿ ಹೊರಗೆ ಬಂದರು. ಜಾತ್ರೆ, ಸಂತೆಯಲ್ಲಿ ದೂರದಿಂದ ನೋಡಿದ್ದೆನೇ ಹೊರತು ಅವರ ದನಿ ಕೇಳಿದ್ದು ಅವತ್ತೇ.

"ಹೊರಗ್ಯಾಕ ನಿಂತೀರಿ ಸೂಗಪ್ಪನವರ? ಒಳಗ ಬರ್ರಿ. ಗೇಟಿನ್ಯಾಗ ನಿಂತು ಅಳತಿ ಹ್ಯಾಂಗ ಮಾಡ್ತೀರಿ?"

ಅಪ್ಪ ವಾದಿರಾಜರ ಮುಖ ನೋಡಿದ. ವಾದಿರಾಜರು ಹೆಂಡತಿಯ ಮುಖ ನೋಡಿದರು. ಆಕೆ ಯಾರ ಮುಖವನ್ನೂ ನೋಡದೆ ಪೈಪಿನ ಒಂದು ತುದಿಗೆ ಕೈ ಚಾಚಿದರು. "ಇತ್ತ ತರ್ರಿ, ನಾ ಹಿ‌ಡೀತೀನಿ. ಎಲ್ಲಿ ಹಿಡೀಬೇಕು ಹೇಳ್ರಿ."

ಅಪ್ಪ ಒಳಗೆ ಬಂದ. ಪೈಪು ಕೈಗೆ ಬಂದ ಮೇಲೆ ಅವನ ನಡಿಗೆಯೇ ಬೇರೆಯಾಯಿತು. ಗಾಡಿಗೆ ಹಚ್ಚಲಿಲ್ಲ, ನೆಲಕ್ಕೆ ಹಚ್ಚಿದ. ಸತ್ಯಭಾಮಾಬಾಯಿ ಎಡ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತರು, ಅಪ್ಪ ಬಲ ಚಕ್ರದ ಹತ್ತಿರ. ನೀರು ಮೇಲೆ ಕೆಳಗೆ ಆಡಿ ನಿಂತಿತು. ಎಡಗಡೆ ನೆಲದಿಂದ ನೀರಿನವರೆಗೆ ಒಂದು ಗೇಣು. ಬಲಗಡೆ ಒಂದು ಗೇಣು, ಮೇಲೆ ಎರಡು ಬೆರಳು. ಅಪ್ಪ ತುದಿಗಳನ್ನು ಅದಲು ಬದಲು ಮಾಡಿಸಿ ಮತ್ತೊಮ್ಮೆ ನೋಡಿದ. ನನ್ನನ್ನು ಕೂರಿಸಿ ಮೂರನೇ ಸಲ ನೋಡಿದ. ಮೂರು ಸಲವೂ ಅಷ್ಟೇ.

"ಸಾಹೇಬ್ರ," ಅಂದ, ಮೆಲ್ಲಗೆ. "ನೆಲ ವಾಲ್ಯದ್ರಿ."

"ಏನು? ನನ್ನ ಮನಿ ನೆಲಾನ?"

"ಹೂಂ ಮತ್ತ," ಅಂದರು ಸತ್ಯಭಾಮಾಬಾಯಿ. "ಅತ್ತಿಯವರು ಇದ್ದಾಗ ಫರಸಿ ಹಾಸಿಸಿದ್ದು. ದಿನಾ ತೊಳದ ನೀರು ಬಾಗಲ ಕಡಿ ಬರಬಾರದು, ಮೋರಿಗೇ ಹೋಗಬೇಕಂತ ಮೇಸ್ತ್ರಿಗೆ ಹೇಳಿ ಈ ಕಡಿ ವಾಟ ಕೊಡಿಸಿದ್ರು. ಗಾಡಿ ಮದ್ಲ ಹಿತ್ತಲ ಶೆಡ್ಡಿನ್ಯಾಗ ಇರ್ತಿತ್ತು, ಇಲ್ಲಿ ನಿಲ್ಲಸಾಕತ್ತಿದ್ದು ಈ ಎರಡು ತಿಂಗಳಿಂದ. ಮೂವತ್ತು ವರ್ಷದಿಂದ ದಿನಾ ನೀರು ಹಾಕಾಕಿ ನಾನು. ನನ್ನ ಯಾರರ ಕೇಳ್ಯಾರೇನು?"

ಯಾರೂ ಕೇಳಿರಲಿಲ್ಲ. ತೊಳೆಯುವವಳಿಗೆ ನೆಲ ಗೊತ್ತಿತ್ತು, ಅವಳನ್ನು ಕೇಳಲಿಲ್ಲ. ಅಳೆಯುವವನಿಗೆ ಗೊತ್ತಾಗುತ್ತಿತ್ತು, ಅವನನ್ನು ಒಳಗೆ ಬಿಡಲಿಲ್ಲ. ಗೊತ್ತಿಲ್ಲದವರು ಮಾತ್ರ ಫೋಟೋ ತೆಗೆದು ತೀರ್ಪು ಕೊಟ್ಟರು.

ಈಗ ಆ ಮನುಷ್ಯ ತಲೆ ತಗ್ಗಿಸುತ್ತಾನೆ ಎಂದು ನಾನು ಕಾದೆ. ವಾದಿರಾಜರು ಗಾಡಿಯ ಸುತ್ತ ಒಂದು ಸುತ್ತು ಬಂದರು, ಗಂಟಲು ಸರಿ ಮಾಡಿಕೊಂಡರು.

"ಆಯ್ತು. ನೆಲ ವಾಟ ಅದ ಅಂತಲೇ ಇಟ್ಕೊಳ್ಳೋಣ. ಆದ್ರ ಗಾಡಿ ನಿಲ್ಲೋದು ಇದೇ ನೆಲದ ಮ್ಯಾಲಲ್ಲೇನು? ನಾಳೆ ಮುಂಜಾನೆ ಬಳಗದವರೆಲ್ಲ ಮದ್ಲ ಇಲ್ಲಿಗೇ ಬರ್ತಾರ. ಇಲ್ಲೇ ನೆಟ್ಟಗ ಕಾಣಬೇಕು. ಸೂಗಾ, ಬಲಗಡೆ ಇನ್ನೊಂದು ಪಟ್ಟಿ ಏರಸು."

ನನ್ನ ಕಿವಿಗಳನ್ನು ನಾನೇ ನಂಬಲಿಲ್ಲ. ನೆಲ ಡೊಂಕಾಗಿದ್ದರೆ ಆ ಡೊಂಕಿಗೆ ತಕ್ಕಂತೆ ಗಾಡಿಯನ್ನೂ ಡೊಂಕು ಮಾಡಬೇಕಂತೆ! ಇಂಥವರ ಮನೆಯ ನೆಲ ಎಂದಿಗೂ ತಪ್ಪಾಗಿರುವುದಿಲ್ಲ, ಅದರ ಮೇಲೆ ನಿಂತದ್ದೇ ತಪ್ಪು. ನಾನು ಬಸ್ಸಿನಲ್ಲಿ ಜೋಡಿಸಿದ್ದನ್ನೆಲ್ಲ ಒಟ್ಟಿಗೇ ಬಾಯಿಗೆ ತಂದುಕೊಂಡೆ. ಅಷ್ಟರಲ್ಲಿ ಅಪ್ಪ ಕೈ ಎತ್ತಿ ನನ್ನನ್ನು ತಡೆದ.

"ಇಲ್ರೀ ಸಾಹೇಬ್ರ. ಹಾಕಂಗಿಲ್ಲ."

ಅಪ್ಪ ಈ ಮನುಷ್ಯನಿಗೆ "ಇಲ್ಲ" ಅಂದಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಹಾಕಿದ್ದನ್ನೂ ತೆಗೀತೀನ್ರಿ," ಅಂದ. "ನೀರು ಸಮಾ ಅಂತ ಹೇಳಿದ್ರೂ ನಿಮ್ಮ ಮಾತು ಕೇಳಿ ಆ ಪಟ್ಟಿ ಹಾಕಿದೆ. ಅದು ನಿಮ್ಮ ತಪ್ಪಲ್ಲ, ನಂದು. ಬ್ರೇಕ್ ಹೊಡದಾಗ ಗಾಡಿ ಒಂದು ಬಾಜು ಎಳೀಲಿಲ್ಲೇನ್ರಿ? ಖರೇ ಹೇಳ್ರಿ."

ವಾದಿರಾಜರು ಬಟ್ಟೆ ಎತ್ತಿಕೊಂಡು ಒರೆಸಿದ ಬಾನೆಟ್ಟನ್ನೇ ಮತ್ತೆ ಒರೆಸಿದರು. ಎಳೆದಿತ್ತು, ಅದು ಅವರ ಮುಖದಲ್ಲೇ ಕಾಣುತ್ತಿತ್ತು. "ನನ್ನ ಗಾಡಿ, ನನ್ನ ಇಷ್ಟ," ಅಂದರು ಕಡೆಗೆ.

"ಗಾಡಿ ನಿಮ್ದ್ರಿ. ಕಮಾನು ನಂದು."

"ನಾಳೆ ಆ ಸೀಟಿನ್ಯಾಗ ವೇದಶ್ರೀ ಕುಂಡ್ರಾಕಿದ್ದಾಳ," ಅಂದರು ಸತ್ಯಭಾಮಾಬಾಯಿ. ವೇದಶ್ರೀ ಅವರ ಮೊಮ್ಮಗಳು. "ತೆಗೀರಿ ಸೂಗಪ್ಪನವರ. ಏನೇನು ಬೇಕು ಹೇಳ್ರಿ."

ಜಾಕು ಗಾಡಿಯ ಡಿಕ್ಕಿಯಲ್ಲೇ ಇತ್ತು. ಜಾಕಿನ ಜೊತೆಗೆ ಆಧಾರಕ್ಕೆ ಗಟ್ಟಿ ಮರ ಬೇಕು ಅಂದ ಅಪ್ಪ. ಸತ್ಯಭಾಮಾಬಾಯಿ ಒಳಗೆ ಹೋಗಿ ಊಟಕ್ಕೆ ಕೂರುವ ನಾಲ್ಕು ಸಾಗವಾನಿ ಮಣೆ ಹೊತ್ತು ತಂದರು.

"ಅಲ್ಲಾ, ಅವು ಊಟದ ಮಣಿ!" ಅಂದರು ವಾದಿರಾಜರು.

"ಟೇಬಲ್ ಬಂದ ಮ್ಯಾಲೆ ಯಾರು ಕುಂಡ್ರತೀರಿ ಇವುಗಳ ಮ್ಯಾಲೆ?" ಎಂದು ಆಕೆ ಅವುಗಳನ್ನು ಅಪ್ಪನ ಮುಂದೆ ಇಟ್ಟರು.

ಅಪ್ಪ ಸ್ವಚ್ಛ ಅಂಗಿಯಲ್ಲೇ ಒದ್ದೆ ಫರಸಿಯ ಮೇಲೆ ಅಂಗಾತ ಮಲಗಿ ಗಾಡಿಯ ಕೆಳಗೆ ಸರಿದ. ನಾನು ಪಾನಾ ಕೊಡುತ್ತಾ ಕೂತೆ. ಕೇಳುವ ಮೊದಲೇ ಯಾವ ನಂಬರಿನದು ಬೇಕೆಂದು ನನಗೆ ಗೊತ್ತಾಗುತ್ತಿತ್ತು, ಹತ್ತನೇ ಇಯತ್ತೆಯವರೆಗೆ ನಾನೂ ಆ ಅಂಗಡಿಯಲ್ಲೇ ಬೆಳೆದವಳು. ನಾಲ್ಕು ನಟ್ಟು ಸಡಿಲಾದವು, ಚಕ್ರದ ಅಚ್ಚನ್ನು ಕಮಾನಿಗೆ ಕಟ್ಟಿದ್ದ ಬೋಲ್ಟುಗಳು ಕಳಚಿದವು. ಕಮಾನು ಬಿಚ್ಚಿ ಆ ಹೆಚ್ಚಿನ ಪಟ್ಟಿಯನ್ನು ತೆಗೆದು ಅಪ್ಪ ಹೊರಗೆ ಸರಿಸಿದ. ಮೊಳದುದ್ದದ, ಎಣ್ಣೆ ಬಳಿದ ಉಕ್ಕಿನ ತುಂಡು. ಅವನ ಕಣ್ಣಿಗೆ ಏನೂ ಆಗಿರಲಿಲ್ಲ. ಆ ಕತ್ತಲಲ್ಲಿ, ಎದೆಯ ಮೇಲೆ ಒಂದು ಗೇಣು ಜಾಗದಲ್ಲಿ, ಎಲ್ಲವನ್ನೂ ಮತ್ತೆ ಹಾಗೇ ಜೋಡಿಸಿದ.

ಹೊರಗೆ ಬಂದು ಗಾಡಿಯನ್ನು ಜಾಕಿನಿಂದ ಇಳಿಸಿ ಹಿಂದಿನ ಚಕ್ರಗಳನ್ನು ಮಣೆಗಳ ಮೇಲೆ ಕೂರಿಸಿದ. ಕಮಾನಿನ ನಟ್ಟನ್ನು ಗಾಡಿ ಎತ್ತಿದಾಗ ಪೂರ್ತಿ ಬಿಗಿಯಬಾರದು ಎನ್ನುವುದು ಅವನ ಕೆಲಸದ ನಿಯಮ. ಭಾರವೆಲ್ಲ ಚಕ್ರದ ಮೇಲೆ ಕೂತ ನಂತರವೇ ಕೊನೆಯ ಬಿಗಿ. ಅದಕ್ಕಾಗಿ ದೊಡ್ಡ ಪಾನಾ ಹಿಡಿದು ಮತ್ತೆ ಹಿಂದಿನ ಚಕ್ರದ ಪಕ್ಕದಿಂದ ಒಳಗೆ ಸರಿದ. ಹೊರಗೆ ಅವನ ಕಾಲು ಮಾತ್ರ ಕಾಣುತ್ತಿದ್ದವು. ಹೊತ್ತು ಇಳಿಯುತ್ತಿತ್ತು.

"ಈಗ ಆ ಫೋಟೋದ ಮಾತು," ಅಂದೆ ವಾದಿರಾಜರಿಗೆ.

"ನಾಳೆ ಎಲ್ಲಾರೂ ಬರ್ತಾರಲ್ಲ, ನಾ ಬಾಯಿಂದ ಹೇಳ್ತೀನಿ. ಅಷ್ಟು ಸಣ್ಣ ವಿಷಯಕ್ಕ..."

"ಬರಿಯೋವಾಗ ಸಣ್ಣದಿದ್ದಿಲ್ಲೇನ್ರಿ ಅದು? ಊರ ಮುಂದ ಬರದು, ಬಂದ ನಾಲ್ಕು ಮಂದಿ ಕಿವ್ಯಾಗ ತಪ್ಪಾತು ಅಂತೀರಾ?"

"ಆಯ್ತಮ್ಮಾ. ಈಗಲೇ ಡಿಲೀಟ್ ಮಾಡ್ತೀನಿ. ಮುಗೀತಲ್ಲ?" ಎಂದು ಫೋನು ಕೈಗೆತ್ತಿಕೊಂಡರು.

"ತೆಗೀಬ್ಯಾಡ್ರಿ ಸಾಹೇಬ್ರ."

ಅಪ್ಪನ ದನಿ, ಗಾಡಿಯ ಕೆಳಗಿನಿಂದ.

"ಎಲ್ಲಾರೂ ನೋಡ್ಯಾರ. ಈಗ ತೆಗದ್ರ ನೋಡಿದವ್ರ ತಲ್ಯಾಗ ಅದ ಉಳೀತದ. ಫೋಟೋ ಅಲ್ಲೇ ಇರ್ಲಿ. ಅದರ ಕೆಳಗ ಬರೀರಿ, ವಾಲಿದ್ದು ನಮ್ಮ ಮನಿ ನೆಲ, ಸೂಗಪ್ಪನ ಕಮಾನಲ್ಲ ಅಂತ."

"ಬರೀತೀನಿ, ಬರೀತೀನಿ. ಮದ್ಲ ನೀ ಆ ನಟ್ಟು ಬಿಗಿ."

"ನೀವು ಬರೀರಿ. ನಾ ಬಿಗೀತೀನಿ."

ಪಾನಾದ ಸದ್ದು ನಿಂತುಬಿಟ್ಟಿತು. ವಾದಿರಾಜರು ಕಾದರು. ಅಪ್ಪನ ಕಾಲು ಅಲುಗಲಿಲ್ಲ. ನಲವತ್ತು ವರ್ಷ ಕೋರ್ಟಿನಲ್ಲಿ ಮಾತಾಡಿದವರು ಆ ಎರಡು ಅಂಗಾಲುಗಳ ಮುಂದೆ ನಿಂತು ಏನು ವಾದ ಮಾಡಬೇಕೆಂದು ತಿಳಿಯದೆ ಹೆಂಡತಿಯ ಕಡೆ ತಿರುಗಿದರು. ಆಕೆ ಒಳಗಿನಿಂದ ಅವರ ಕನ್ನಡಕ ತಂದು ಕೈಗೆ ಕೊಟ್ಟರು.

ಬರೆದರು. ಬರೆಯಲು ಬಹಳ ಹೊತ್ತು ಹಿಡಿಯಿತು.

"ಓದ್ರಿ," ಅಂದೆ.

"ನನ್ನ ಗಾಡಿಯ ವಿಷಯದಲ್ಲಿ ಸ್ವಲ್ಪ ಗೊಂದಲವಾಗಿತ್ತು, ಈಗ..."

"ಗೊಂದಲ ಅಲ್ರಿ," ಅಂದ ಅಪ್ಪ ಕೆಳಗಿನಿಂದ. "ನೆಲ."

ವಾದಿರಾಜರು ಅಳಿಸಿ ಮತ್ತೆ ಬರೆದರು. ಈ ಸಲ ಓದಿ ತೋರಿಸಲಿಲ್ಲ. ಕಳಿಸಿ, ಫೋನನ್ನು ಬಾನೆಟ್ಟಿನ ಮೇಲೆ ಮುಖ ಕೆಳಗೆ ಮಾಡಿ ಇಟ್ಟು, ಕಂಬಕ್ಕೆ ಒರಗಿ ನಿಂತರು. ನಾನು ನಾಹಿದಳಿಗೆ ಫೋನು ಹಚ್ಚಿ ಅವಳ ಅಣ್ಣನನ್ನು ಕೇಳಲು ಹೇಳಿದೆ. ಐದು ನಿಮಿಷಕ್ಕೆ ಅದು ನನ್ನ ಫೋನಿಗೆ ಬಂತು. ಗಾಡಿಯ ಹತ್ತಿರ ಕೂತು, ಕೆಳಗಿದ್ದವನಿಗೆ ಕೇಳಿಸುವಂತೆ ಓದಿದೆ:

"ಈ ಫೋಟೋದಲ್ಲಿ ವಾಲಿರುವುದು ನಮ್ಮ ಮನೆಯ ನೆಲ. ಸೂಗಪ್ಪನವರು ಕಟ್ಟಿದ ಕಮಾನು ಸರಿಯಾಗಿತ್ತು. ನೋಡದೆ ಬರೆದದ್ದು ನನ್ನ ತಪ್ಪು. ವಾದಿರಾಜ."

ಕೆಳಗೆ ಅಪ್ಪನ ಪಾನಾ ಕಿರುಗುಟ್ಟಿತು. ಒಂದು ನಟ್ಟು, ಎರಡು, ಮೂರು, ನಾಲ್ಕು. ಪ್ರತಿ ನಟ್ಟಿಗೂ ಕೊನೆಯಲ್ಲಿ ಮೈಯ ಭಾರವೆಲ್ಲ ಹಾಕಿ ಒಂದು ಸಲ ಜಗ್ಗಿದ. ಆಮೇಲೆ ಹೊರಗೆ ಸರಿದು ಆ ತೊಳೆದ ಫರಸಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಬೆನ್ನೆಲ್ಲ ಒದ್ದೆಯಾಗಿತ್ತು, ಅಂಗಿಯ ತುಂಬ ಎಣ್ಣೆ.

"ಕನಕರಾಯಗ ಫೋನ್ ಹಚ್ಚವ್ವಾ," ಅಂದ. "ಸೋಮಾರ ಲಾರಿ ತರಾಕ ಹೇಳು."

ನಾನು ನಂಬರು ಹುಡುಕುತ್ತಿದ್ದೆ. ಅವನು ಕೈ ಒರೆಸಿಕೊಳ್ಳುತ್ತಿದ್ದವನು ನಿಲ್ಲಿಸಿದ.

"ತಡಿ. ಮದ್ಲ ಅದನ್ನ ಇನ್ನೊಮ್ಮೆ ಓದು."